ಚಿತ್ರಗಳ ಪಹಣಿ ಬರೆದವರು

ಮ್ಯೂಸಿಯಂಗೆ ಹೋದಾಗ ನಾವು ಮೊದಲು ನೋಡೋದು ಚಿತ್ರವನ್ನಲ್ಲ, ಅದರ ಪಕ್ಕದಲ್ಲಿ ಅಂಟಿಸಿರುವ ಚೀಟಿಯನ್ನು. ದೊಡ್ಡ ಹೆಸರಿದ್ದರೆ ಎರಡು ನಿಮಿಷ ನಿಲ್ತೀವಿ, ಫೋಟೊ ತೆಗೀತೀವಿ. ಇಲ್ಲದಿದ್ದರೆ ಮುಂದಿನ ಗೋಡೆಗೆ. ಆದರೆ ಆ ಚೀಟಿಯಲ್ಲಿ 'ವೆಲಾಸ್ಕೆಜ್' ಅಂತ ಬರೆದವರು ಯಾರು? ವೆಲಾಸ್ಕೆಜ್ ಅಂತೂ ಬರೆದಿಲ್ಲ. 17ನೇ ಶತಮಾನದ ಸ್ಪೇನಿನ ಈ ಆಸ್ಥಾನ ಚಿತ್ರಕಾರ ಸಹಿ ಹಾಕಿದ್ದು ತೀರಾ ಕೆಲವೇ ಚಿತ್ರಗಳಿಗೆ. ಅವನ ಶಿಷ್ಯರು, ಅಳಿಯ, ಅವನ ಹಾಗೇ ಬರೆಯೋಕೆ ಹೊರಟ ನಕಲುಗಾರರು ಎಲ್ಲ ಸೇರಿ ಬಿಟ್ಟುಹೋದ ರಾಶಿಯಲ್ಲಿ 'ಇದು ಅವನದ್ದು, ಇದು ಅಲ್ಲ' ಅಂತ ಯಾರೋ ಕೂತು ಆರಿಸಿದ್ದಾರೆ.

ನಮ್ಮ ಹಳ್ಳಿಗಳಲ್ಲಿ ಜಮೀನು ಯಾರದ್ದು ಅಂತ ಹೇಳೋಕೆ ಪಹಣಿ ಇದೆ. ಸರ್ವೆ ನಂಬರ್, ಎಕರೆ-ಗುಂಟೆ, ಹೆಸರು, ಮ್ಯುಟೇಷನ್ ಯಾವಾಗ ಆಯ್ತು, ಸಾಲ ಇದೆಯಾ, ಎಲ್ಲವೂ ಒಂದು ಹಾಳೆಯಲ್ಲಿ. ಕಲಾ ಇತಿಹಾಸಕಾರರೂ ಚಿತ್ರಗಳಿಗೆ ಇಂಥದ್ದೇ ಒಂದು ಪಹಣಿ ಬರೀತಾರೆ. ಅದಕ್ಕೆ ಅವರಿಟ್ಟ ಹೆಸರು ಕ್ಯಾಟಲಾಗ್ ರೇಸೊನೆ. ಒಬ್ಬ ಕಲಾವಿದನ ಪ್ರತಿ ಚಿತ್ರಕ್ಕೂ ಒಂದು ನಂಬರ್. ಅದರ ಅಳತೆ, ಈಗ ಎಲ್ಲಿದೆ, ಯಾರ ಕೈಯಿಂದ ಯಾರ ಕೈಗೆ ಬಂತು, ಯಾವ ವಿದ್ವಾಂಸ ಒಪ್ಪಿದ, ಯಾರು ತಕರಾರು ಎತ್ತಿದರು. ಸ್ಪೇನಿನ ದೊಡ್ಡ ಚಿತ್ರಕಾರರ ಪಹಣಿ ಸಿದ್ಧವಾದದ್ದು ಬಹುಮಟ್ಟಿಗೆ ಜರ್ಮನ್ನರು ಮತ್ತು ಸ್ಪೇನಿನವರು ಕೂಡಿ ಮಾಡಿದ ಕೆಲಸದಿಂದ. ಕೂಡಿ ಅಂದರೆ ಒಂದೇ ಟೇಬಲ್ಲಿಗೆ ಕೂತು ಅಂತಲ್ಲ. ಕಾಗದ ಬರೆದು, ಫೋಟೊ ತರಿಸಿಕೊಂಡು, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ತಿದ್ದಿ, ಆಗಾಗ ಜಗಳವಾಡಿ. ಆ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ಬೆವರು ಸುರಿಸಿದವನನ್ನು ಅವನ ದೇಶವೇ ಕೊಂದಿತು. ಅವನ ವಿಷಯಕ್ಕೆ ಬರೋದಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಯಾಕೆ ಜರ್ಮನ್ನರು ಅನ್ನೋ ಪ್ರಶ್ನೆ ಸಹಜ. ಕಲಾ ಇತಿಹಾಸವನ್ನು ಯೂನಿವರ್ಸಿಟಿಯಲ್ಲಿ ಓದಿಸುವ ಒಂದು ವಿಷಯವಾಗಿ ಮಾಡಿದವರಲ್ಲಿ ಅವರು ಮೊದಲಿಗರು. ಬರ್ಲಿನ್‌ನಲ್ಲಿ 1844ರಲ್ಲೇ ಗುಸ್ಟಾಫ್ ವಾಗೆನ್ ಇದಕ್ಕೆ ಪ್ರೊಫೆಸರ್ ಆಗಿದ್ದ. ಮ್ಯಾಡ್ರಿಡ್‌ನಲ್ಲಿ ಅಂಥ ಪೀಠ ಬಂದು ಎಲಿಯಾಸ್ ಟೊರ್ಮೊ ಅದರಲ್ಲಿ ಕೂತದ್ದು 1904ರಲ್ಲಿ. ನಡುವೆ ಅರವತ್ತು ವರ್ಷ. ಹಾಗಂತ ಸ್ಪೇನಿನಲ್ಲಿ ಏನೂ ಇರಲಿಲ್ಲ ಅಂತಲ್ಲ, ಎಲ್ಲವೂ ಇದ್ದದ್ದು ಅಲ್ಲೇ. ಅರಮನೆಯ ಸಂಗ್ರಹ 1819ರಿಂದ ಪ್ರಾಡೊ ಮ್ಯೂಸಿಯಂ ಆಗಿ ಜನರಿಗೆ ತೆರೆದಿತ್ತು. 1830ರ ದಶಕದಲ್ಲಿ ಸರ್ಕಾರ ಮಠಗಳನ್ನು ಮುಚ್ಚಿ ಆಸ್ತಿ ಹರಾಜು ಹಾಕಿದಾಗ, ಶತಮಾನಗಳಿಂದ ಒಂದೇ ಗೋಡೆಯ ಮೇಲಿದ್ದ ಚಿತ್ರಗಳು ಚೆಲ್ಲಾಪಿಲ್ಲಿಯಾಗಿದ್ದವು. ಯಾವುದು ಎಲ್ಲಿಗೆ ಹೋಯ್ತು ಅಂತ ಗೊತ್ತಿದ್ದವರು ಅಲ್ಲಿನ ಪಾದ್ರಿಗಳು, ದಫ್ತರದ ಗುಮಾಸ್ತರು, ಹವ್ಯಾಸಿ ವಿದ್ವಾಂಸರು. ಪೆದ್ರೊ ದೆ ಮದ್ರಾಸೊ ಪ್ರಾಡೊ ಸಂಗ್ರಹದ ಕ್ಯಾಟಲಾಗ್ ಬರೆದ. ಕ್ರುಸಾದಾ ವಿಯಾಮಿಲ್ ಅರಮನೆಯ ಕಾಗದಪತ್ರ ಹುಡುಕಿ ವೆಲಾಸ್ಕೆಜ್‌ನ ಬದುಕಿನ ದಾಖಲೆಗಳನ್ನು ಒಟ್ಟುಗೂಡಿಸಿದ. ಅವರ ಹತ್ತಿರ ಡೇಟಾ ಇತ್ತು, ಜರ್ಮನ್ನರ ಹತ್ತಿರ ಪದ್ಧತಿ ಇತ್ತು ಅನ್ನಬಹುದು. ಅಷ್ಟು ಸರಳವೂ ಅಲ್ಲ, ಬಿಡಿ.

ಮೊದಲ ದೊಡ್ಡ ಹೆಸರು ಕಾರ್ಲ್ ಯುಸ್ಟಿ. 1832ರಲ್ಲಿ ಹುಟ್ಟಿದವನು, ಬಾನ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್. 1872ರಲ್ಲಿ ಮೊದಲ ಸಲ ಸ್ಪೇನಿಗೆ ಹೋದ. ಮುಂದಿನ ಇಪ್ಪತ್ತು ವರ್ಷದಲ್ಲಿ ಹತ್ತಿರಹತ್ತಿರ ಹತ್ತು ಸಲ ಹೋಗಿಬಂದ. ಆಗಿನ ಪ್ರಯಾಣ ಅಂದರೆ ರೈಲು ಹೋದಷ್ಟು ದೂರ ರೈಲು, ಆಮೇಲೆ ಗಾಡಿ. ಒಂದು ಚಿತ್ರ ನೋಡೋಕೆ ಒಂದು ಊರು, ಒಂದು ಬೀಗದ ಕೈ ಇಟ್ಟುಕೊಂಡ ಒಬ್ಬ ಮನುಷ್ಯ, ಅವನನ್ನು ಒಪ್ಪಿಸೋಕೆ ಒಂದು ಶಿಫಾರಸು ಪತ್ರ. ಅವನು ಅಲ್ಲಿಂದ ಮನೆಗೆ ಬರೆದ ಕಾಗದಗಳು ಅವನು ಸತ್ತ ಮೇಲೆ, 1923ರಲ್ಲಿ ಪುಸ್ತಕವಾದವು.

1888ರಲ್ಲಿ ಬಂದ ಅವನ 'ದಿಯೇಗೊ ವೆಲಾಸ್ಕೆಜ್ ಮತ್ತು ಅವನ ಶತಮಾನ' ಎರಡು ಸಂಪುಟದ ಪುಸ್ತಕ. ಹೆಸರಿನಲ್ಲೇ ಇದೆ ನೋಡಿ, ಚಿತ್ರಕಾರನೊಬ್ಬನೇ ಅಲ್ಲ, ಅವನ ಕಾಲ. ನಾಲ್ಕನೇ ಫಿಲಿಪ್‌ನ ಆಸ್ಥಾನ, ಅಲ್ಲಿನ ಸಂಬಳದ ಲೆಕ್ಕ, ಮಂತ್ರಿಗಳ ಕಿತ್ತಾಟ, ಕುಬ್ಜರು, ನಾಯಿಗಳು. ಒಬ್ಬ ಸ್ಪೇನಿನ ಕಲಾವಿದನನ್ನು ಇಷ್ಟು ದಾಖಲೆಗಳ ಜೊತೆ ಯಾರೂ ಅದುವರೆಗೆ ಬರೆದಿರಲಿಲ್ಲ. ಮರುವರ್ಷವೇ ಇಂಗ್ಲಿಷಿಗೆ ಬಂತು. ಸ್ಪ್ಯಾನಿಷ್‌ನಲ್ಲಿ ಇಡೀ ಪುಸ್ತಕವಾಗಿ ಮ್ಯಾಡ್ರಿಡ್‌ನಲ್ಲಿ ಅಚ್ಚಾದದ್ದು 1953ರಲ್ಲಿ!

ಈ ಯುಸ್ಟಿ ಒಂದು ಕಿತಾಪತಿ ಮಾಡಿದ್ದ. ವೆಲಾಸ್ಕೆಜ್ ಇಟಲಿಗೆ ಹೋದಾಗ ತಾನೇ ಬರೆದದ್ದು ಅನ್ನೋ ಹಾಗೆ ಒಂದು ಬರಹವನ್ನು ಪುಸ್ತಕದಲ್ಲಿ ಸೇರಿಸಿದ್ದ. ಅದು ಯುಸ್ಟಿಯೇ ಕೂತು ಬರೆದದ್ದು, ವೆಲಾಸ್ಕೆಜ್ ಹೀಗೆ ಬರೆದಿರಬಹುದಿತ್ತು ಅಂತ. ಕೆಲವರು ಅದನ್ನು ನಿಜವಾದ ದಾಖಲೆ ಅಂತಲೇ ನಂಬಿದರು. ಬಯಲಾದಾಗ ಗಲಾಟೆಯೂ ಆಯಿತು. ಪ್ರೊಡಕ್ಷನ್ ಡೇಟಾಬೇಸಿನಲ್ಲಿ ಯಾರೋ ಡಮ್ಮಿ ರೆಕಾರ್ಡ್ ಬಿಟ್ಟುಹೋದ ಹಾಗೆ. ಅಷ್ಟು ಕಟ್ಟುನಿಟ್ಟಿನ ವಿದ್ವಾಂಸನಿಗೂ ಕಾದಂಬರಿಕಾರನಾಗುವ ಚಪಲ ಇತ್ತಲ್ಲ ಅಂತ ನನಗೆ ಒಂಥರಾ ಖುಷಿಯೇ. ಆದರೆ ಪಹಣಿಯಲ್ಲಿ ಕಥೆ ಬರೆಯೋದು ಬೇರೆ ವಿಷಯ.

ಸ್ಪೇನಿನವರು ಕೈಕಟ್ಟಿ ಕೂರಲಿಲ್ಲ. ಅವ್ರೆಲಿಯಾನೊ ದೆ ಬೆರುವೆತೆ ಅನ್ನುವ ಲ್ಯಾಂಡ್‌ಸ್ಕೇಪ್ ಚಿತ್ರಕಾರ 1898ರಲ್ಲಿ ಪ್ಯಾರಿಸ್‌ನಿಂದ, ಫ್ರೆಂಚಿನಲ್ಲಿ, ತನ್ನದೇ ವೆಲಾಸ್ಕೆಜ್ ಪುಸ್ತಕ ತಂದ. ಕುಂಚ ಹಿಡಿದು ಗೊತ್ತಿದ್ದ ಮನುಷ್ಯ. ಹಿಂದಿನವರ ಉದ್ದುದ್ದ ಪಟ್ಟಿಗಳನ್ನೆಲ್ಲ ಜರಡಿ ಹಿಡಿದು ನೂರಕ್ಕೂ ಕಡಿಮೆ ಚಿತ್ರಗಳನ್ನು ಮಾತ್ರ ಉಳಿಸಿಕೊಂಡ. ದಾಖಲೆ ನೋಡಿದವನ ಪಟ್ಟಿ ಒಂದು ಕಡೆ, ಬಣ್ಣ ನೋಡಿದವನ ಪಟ್ಟಿ ಇನ್ನೊಂದು ಕಡೆ. ಇವೆರಡೂ ಎದುರಾಬದುರಾ ಇದ್ದದ್ದರಿಂದಲೇ ಮುಂದಿನವರಿಗೆ ಕೆಲಸ ಸಾಧ್ಯವಾಯಿತು.

ಪೋರ್ಚುಗಲ್‌ನಲ್ಲಿ ಈ ಸಹಕಾರ ಒಂದು ಸಂಸಾರದೊಳಗೇ ನಡೆದಿತ್ತು. ಪೋರ್ಟೊ ಊರಿನ ಜೊಆಕಿಂ ದೆ ವಾಸ್ಕೊನ್ಸೆಲೋಸ್ ಹುಡುಗನಾಗಿದ್ದಾಗ ಹ್ಯಾಂಬರ್ಗ್‌ನಲ್ಲಿ ಓದಿದವನು. 1876ರಲ್ಲಿ ಬರ್ಲಿನ್‌ನ ಭಾಷಾ ವಿದುಷಿ ಕರೋಲಿನಾ ಮಿಖಾಯೆಲಿಸ್‌ಳನ್ನು ಮದುವೆಯಾದ. ಗಂಡ ಪೋರ್ಚುಗಲ್‌ನಲ್ಲಿ ಕಲಾ ಇತಿಹಾಸಕ್ಕೆ ಅಡಿಪಾಯ ಹಾಕಿದ, ಹೆಂಡತಿ ಆ ದೇಶದ ಯೂನಿವರ್ಸಿಟಿಯಲ್ಲಿ ಪಾಠ ಮಾಡಿದ ಮೊದಲ ಮಹಿಳಾ ಪ್ರೊಫೆಸರ್ ಆದಳು. ಅದೇ ಕಾಲಕ್ಕೆ ಆಲ್ಬ್ರೆಕ್ಟ್ ಹಾಪ್ಟ್ ಅನ್ನುವ ಜರ್ಮನ್ ವಾಸ್ತುಶಿಲ್ಪಿ ಪೋರ್ಚುಗಲ್ ಕಟ್ಟಡಗಳ ಮೇಲೆ 1890 ಮತ್ತು 1895ರಲ್ಲಿ ಎರಡು ಸಂಪುಟ ಬರೆದ. ರಾಜ ಮಾನ್ಯುಯೆಲ್ ಕಾಲದ ಕೆತ್ತನೆಗಳಲ್ಲಿ ಅವನಿಗೆ ನಮ್ಮ ದೇಶದ ದೇವಸ್ಥಾನಗಳ ನೆರಳು ಕಂಡಿತಂತೆ. ಗೋವಾಕ್ಕೆ ಹಡಗು ಬಂದದ್ದು ಹೌದು, ಆದರೆ ಈ ವಾದ ನಿಲ್ಲಲಿಲ್ಲ. ವಾಸ್ಕೊನ್ಸೆಲೋಸ್ ಅಂತೂ 'ಮಾನ್ಯುಯೆಲಿನ್ ಶೈಲಿ' ಅನ್ನೋದೇ ಸ್ವಂತದ ಶೈಲಿ ಅಲ್ಲ ಅಂತ ವಾದಿಸಿ ತನ್ನೂರವರ ಸಿಟ್ಟಿಗೆ ಗುರಿಯಾಗಿದ್ದ.

ಮತ್ತೆ ಸ್ಪೇನಿಗೆ ಬರೋಣ. ಯುಸ್ಟಿಗೆ ಎಲ್ ಗ್ರೆಕೊ ಅಂದರೆ ಆಗುತ್ತಿರಲಿಲ್ಲ. ಕ್ರೀಟ್ ದ್ವೀಪದಲ್ಲಿ ಹುಟ್ಟಿ, ಟೊಲೆಡೊದಲ್ಲಿ 1614ರಲ್ಲಿ ತೀರಿಕೊಂಡ ಈ ಚಿತ್ರಕಾರನ ಉದ್ದುದ್ದ ಎಳೆದ ದೇಹಗಳು, ಸುಡುವ ಹಸಿರು-ಹಳದಿ ಬಣ್ಣಗಳು ಯುಸ್ಟಿಯ ಕಣ್ಣಿಗೆ ರೋಗದ ಲಕ್ಷಣ. ಹೊಸ ಕಾಲದ ಕಲೆಯೇ ಅವನಿಗೆ ಹಿಡಿಸುತ್ತಿರಲಿಲ್ಲ. ತಮಾಷೆ ಏನಂದರೆ, ಬರ್ಲಿನ್‌ನ ರಾಷ್ಟ್ರೀಯ ಗ್ಯಾಲರಿಯಲ್ಲಿ 1919ರಲ್ಲಿ ಆಧುನಿಕ ಕಲೆಗೆ ಪ್ರತ್ಯೇಕ ಕಟ್ಟಡ ತೆರೆದ ಲೂಡ್ವಿಗ್ ಯುಸ್ಟಿ ಇವನ ಸ್ವಂತ ಸಂಬಂಧಿ.

ಎಲ್ ಗ್ರೆಕೊನನ್ನು ಜರ್ಮನ್ನರು ಕಂಡುಹಿಡಿದರು ಅನ್ನೋ ಮಾತು ಎಷ್ಟೋ ಕಡೆ ಓದಲು ಸಿಗುತ್ತದೆ. ಜೂಲಿಯಸ್ ಮೈಯರ್-ಗ್ರೇಫೆ ಅನ್ನುವ ವಿಮರ್ಶಕ 1908ರಲ್ಲಿ ವೆಲಾಸ್ಕೆಜ್ ನೋಡೋಕೆ ಅಂತ ಸ್ಪೇನಿಗೆ ಹೋಗಿ, ಎಲ್ ಗ್ರೆಕೊನ ಹುಚ್ಚು ಹಿಡಿಸಿಕೊಂಡು ಬಂದು, 1910ರಲ್ಲಿ ಪ್ರವಾಸಕಥನ ಬರೆದ. ಪುಸ್ತಕ ಭರ್ಜರಿ ಸದ್ದು ಮಾಡಿತು. 'ಹಿತ್ತಲ ಗಿಡ ಮದ್ದಲ್ಲ' ಅನ್ನೋ ಗಾದೆ ನೆನಪಾಗಿ ಇದನ್ನು ನಂಬಿಬಿಡುವುದು ಸುಲಭ. ನಿಜ ಹಾಗಿಲ್ಲ. 1894ರಲ್ಲೇ ಕೆಟಲನ್ ಚಿತ್ರಕಾರ ಸಾಂತಿಯಾಗೊ ರುಸಿಞೋಲ್ ಎರಡು ಎಲ್ ಗ್ರೆಕೊ ಚಿತ್ರ ಕೊಂಡು ಸಿಟ್ಜೆಸ್ ಊರಿನಲ್ಲಿ ದೇವರ ಉತ್ಸವದ ಹಾಗೆ ಮೆರವಣಿಗೆ ಮಾಡಿಸಿದ್ದ. 1902ರಲ್ಲಿ ಪ್ರಾಡೊದಲ್ಲಿ ಪ್ರದರ್ಶನ ಆಗಿತ್ತು. 1908ರಲ್ಲಿ ಮ್ಯಾನ್ಯುಯೆಲ್ ಕೊಸ್ಸಿಯೊ ಎಲ್ ಗ್ರೆಕೊ ಮೇಲೆ ಮೊದಲ ದೊಡ್ಡ ಅಧ್ಯಯನವನ್ನು, ಚಿತ್ರಗಳ ಪಟ್ಟಿಯ ಸಮೇತ ಪ್ರಕಟಿಸಿದ. ಕೊಸ್ಸಿಯೊ ವೃತ್ತಿಯಲ್ಲಿ ಶಿಕ್ಷಣ ತಜ್ಞ, ಮಕ್ಕಳನ್ನು ಕರೆದುಕೊಂಡು ಊರೂರು ಸುತ್ತಿ ಪಾಠ ಹೇಳುತ್ತಿದ್ದವನು. ಗಿಡ ನೆಟ್ಟಿದ್ದು, ನೀರು ಹಾಕಿದ್ದು ಹಿತ್ತಲಿನವರೇ. ಊರಿಗೆಲ್ಲ ಸಾರಿದ್ದು ಮಾತ್ರ ಜರ್ಮನ್ನರು.

ಸಾರಿದ್ದರ ಪರಿಣಾಮವೂ ಸಣ್ಣದಲ್ಲ. ಮ್ಯೂನಿಕ್‌ನ ಸರ್ಕಾರಿ ಗ್ಯಾಲರಿಗಳ ನಿರ್ದೇಶಕ ಹ್ಯೂಗೊ ಫಾನ್ ಚೂಡಿ ಎಲ್ ಗ್ರೆಕೊ ಚಿತ್ರವನ್ನು ಕೊಂಡ. ಅದೇ ಊರಿನಲ್ಲಿ ಕಾಂಡಿನ್‌ಸ್ಕಿ ಮತ್ತು ಫ್ರಾನ್ಜ್ ಮಾರ್ಕ್ 1912ರಲ್ಲಿ ತಂದ 'ನೀಲಿ ಸವಾರ' ಸಂಕಲನದಲ್ಲಿ ಎಲ್ ಗ್ರೆಕೊನ ಸಂತ ಜಾನ್‌ನ ಚಿತ್ರವೂ ಡೆಲೋನೆಯ ಐಫೆಲ್ ಗೋಪುರವೂ ಜೊತೆಯಾಗಿ ಅಚ್ಚಾದವು.

ಈ ಮ್ಯೂನಿಕ್‌ಗೆ 1909ರಲ್ಲಿ ಬಂದು ಆಲ್ಟೆ ಪಿನಕೊಟೆಕ್ ಮ್ಯೂಸಿಯಂ ಸೇರಿದವನೇ ಔಗುಸ್ಟ್ ಮಾಯರ್. (ಮೇಲಿನ ಮೈಯರ್ ಬೇರೆ, ಈ ಮಾಯರ್ ಬೇರೆ.) 1885ರಲ್ಲಿ ಡಾರ್ಮ್‌ಸ್ಟಾಟ್ ಹತ್ತಿರ ಹುಟ್ಟಿದ ಯಹೂದಿ ಮನೆತನದ ಹುಡುಗ. ಬರ್ಲಿನ್‌ನಲ್ಲಿ ಹೈನ್ರಿಕ್ ವೋಲ್ಫ್ಲಿನ್ ಹತ್ತಿರ ಪಿಎಚ್‌ಡಿ. ವಿಷಯ, ನೇಪಲ್ಸ್‌ನಲ್ಲಿ ನೆಲೆಸಿದ್ದ ಸ್ಪೇನಿನ ಚಿತ್ರಕಾರ ರಿಬೇರಾ. ಅಲ್ಲಿಂದ ಅವನು ಬರೆದದ್ದರ ಪಟ್ಟಿ ನೋಡಿದರೆ ನಮಗೇ ಸುಸ್ತಾಗುತ್ತೆ. 1911ರಲ್ಲಿ ಸೆವಿಲ್ ಚಿತ್ರಕಾರರ ಬಗ್ಗೆ, ಅದೇ ವರ್ಷ ಎಲ್ ಗ್ರೆಕೊ ಬಗ್ಗೆ, 1913ರಲ್ಲಿ ಮುರಿಯೊ, ಅದೇ ವರ್ಷ ಸ್ಪೇನಿನ ಚಿತ್ರಕಲೆಯ ಇಡೀ ಇತಿಹಾಸ ಎರಡು ಸಂಪುಟ. 1923ರಲ್ಲಿ ಗೊಯಾ. 1926ರಲ್ಲಿ ಎಲ್ ಗ್ರೆಕೊನ ಪೂರ್ತಿ ಪಹಣಿ, ಕೊಸ್ಸಿಯೊ ಹಾಕಿದ ಬುನಾದಿಯ ಮೇಲೆ ಕಟ್ಟಿದ್ದು. ಇದೆಲ್ಲ ಮ್ಯೂಸಿಯಂ ಕೆಲಸ, ಯೂನಿವರ್ಸಿಟಿ ಪಾಠ, 1928ರಿಂದ 'ಪಾಂಥೆಯಾನ್' ಪತ್ರಿಕೆಯ ಸಂಪಾದಕತ್ವದ ನಡುವೆ.

ಒಬ್ಬನೇ ಮನುಷ್ಯನಿಂದ ಇದು ಹೇಗಾಯ್ತು? ಒಬ್ಬನೇ ಅಲ್ಲವಲ್ಲ. ಆ ಹೊತ್ತಿಗೆ ಸ್ಪೇನ್ ಬದಲಾಗಿತ್ತು. 1907ರಲ್ಲಿ, ನೊಬೆಲ್ ಪಡೆದ ವಿಜ್ಞಾನಿ ರಮೋನ್ ಇ ಕಹಾಲ್‌ನ ಅಧ್ಯಕ್ಷತೆಯಲ್ಲಿ ಉನ್ನತ ಅಧ್ಯಯನದ ಮಂಡಳಿಯೊಂದು ಶುರುವಾಗಿ, ಸ್ಕಾಲರ್‌ಶಿಪ್ ಕೊಟ್ಟು ಹುಡುಗರನ್ನು ಹೊರದೇಶಗಳಿಗೆ ಕಳಿಸುತ್ತಿತ್ತು. ಅವರಲ್ಲಿ ಎಷ್ಟೋ ಜನ ಹೋದದ್ದು ಜರ್ಮನಿಗೆ. ಅದರಡಿ 1910ರಲ್ಲಿ ಹುಟ್ಟಿದ ಇತಿಹಾಸ ಅಧ್ಯಯನ ಕೇಂದ್ರದಲ್ಲಿ ಟೊರ್ಮೊ, ಗೋಮೆಜ್-ಮೊರೆನೊ ತಂಡ ಕಟ್ಟಿದರು. ಊರೂರ ಚರ್ಚುಗಳಿಗೆ ಹೋಗಿ ಅಳತೆ ತೆಗೆದರು, ಫೋಟೊ ತೆಗೆದರು, ದಫ್ತರ ಬಿಚ್ಚಿದರು. ಬಾರ್ಸಿಲೋನಾದ ಆಡೊಲ್ಫ್ ಮಾಸ್‌ನಂಥ ಫೋಟೊಗ್ರಾಫರುಗಳು ಗಾಜಿನ ಪ್ಲೇಟುಗಳಲ್ಲಿ ಇಡೀ ದೇಶದ ಕಲೆಯನ್ನು ಸೆರೆಹಿಡಿಯುತ್ತಿದ್ದರು. ಎರಡು ಚಿತ್ರ ಇರೋದು ಎರಡು ದೇಶದಲ್ಲಿ, ಪಕ್ಕಪಕ್ಕ ಇಟ್ಟು ನೋಡೋಕೆ ಫೋಟೊ ಬಿಟ್ಟರೆ ಗತಿಯಿಲ್ಲ. ಮಾಯರ್ ಸ್ಪೇನಿನ ಪತ್ರಿಕೆಗಳಲ್ಲೂ ಬರೆದ, ಅವನ ಇತಿಹಾಸ ಪುಸ್ತಕ 1920ರ ದಶಕದಲ್ಲೇ ಸ್ಪ್ಯಾನಿಷ್‌ಗೆ ಬಂತು. ಯುಸ್ಟಿಗೆ ಅರವತ್ತೈದು ವರ್ಷ ಹಿಡಿದದ್ದು ಇವನಿಗೆ ಒಂದೂವರೆ ದಶಕದೊಳಗೆ ಆಯಿತು. ಆ ಬಾಗಿಲು ಎಷ್ಟು ಅಗಲವಾಗಿ ತೆರೆದಿತ್ತು ಅನ್ನೋಕೆ ನನಗೆ ಇದಕ್ಕಿಂತ ಒಳ್ಳೆ ಅಳತೆಗೋಲು ಗೊತ್ತಿಲ್ಲ.

ಮಾಯರ್‌ನಲ್ಲಿ ಒಂದು ದೌರ್ಬಲ್ಯ ಇತ್ತು, ಅದನ್ನು ಮುಚ್ಚಿಟ್ಟರೆ ಕಥೆ ಅರ್ಧವಾಗುತ್ತೆ. ಆಗ ಚಿತ್ರ ವ್ಯಾಪಾರಿಗಳು ವಿದ್ವಾಂಸರಿಂದ 'ಇದು ಇಂಥವರದ್ದೇ' ಅಂತ ಸರ್ಟಿಫಿಕೇಟ್ ಬರೆಸಿಕೊಳ್ಳುತ್ತಿದ್ದರು, ಅದಕ್ಕೆ ಹಣ ಕೊಡುತ್ತಿದ್ದರು. ಮಾಯರ್ ಇಂಥವನ್ನು ರಾಶಿ ರಾಶಿ ಬರೆದ. ಕೆಲವು ಕಡೆ ಕೈ ಧಾರಾಳವಾಯಿತು, ಅವನು ಒಪ್ಪಿದ ಎಷ್ಟೋ ಚಿತ್ರಗಳನ್ನು ಮುಂದಿನವರು ತೆಗೆದುಹಾಕಿದ್ದಾರೆ. ಆ ಕಾಲದಲ್ಲಿ ಇದನ್ನು ಮಾಡದಿದ್ದ ತಜ್ಞರು ಕಡಿಮೆ. ಆದರೆ 1930ರಲ್ಲಿ ಮ್ಯೂನಿಕ್‌ನ ಸಹೋದ್ಯೋಗಿಗಳೂ ಪ್ರೊಫೆಸರುಗಳೂ ಸೇರಿ ಬೆರಳು ತೋರಿಸಿದ್ದು ಇವನತ್ತ. ಆಪಾದನೆ ಸರ್ಟಿಫಿಕೇಟಿನದು, ಅದರೊಳಗಿನ ವಿಷ ಯಹೂದಿದ್ವೇಷದ್ದು. 1931ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟ.

ಹಿಟ್ಲರ್ ಬಂದ ಮೇಲೆ, 1933ರ ಮಾರ್ಚ್‌ನಲ್ಲಿ ಬಂಧನ. ಜೈಲಿನಲ್ಲಿ ಆತ್ಮಹತ್ಯೆಗೆ ಯತ್ನಿಸಿದ. ಬಿಡುಗಡೆಯಾದ ಮೇಲೆ ತೆರಿಗೆ ಬಾಕಿಯ ನೆಪದಲ್ಲಿ ಆಸ್ತಿ ಕೈಬಿಟ್ಟಿತು. ಕೊನೆಗೆ ಪ್ಯಾರಿಸ್‌ಗೆ ಹೋದ. ಮ್ಯೂಸಿಯಂ ಇಲ್ಲ, ಕುರ್ಚಿ ಇಲ್ಲ. ಆ ಸ್ಥಿತಿಯಲ್ಲಿ ವೆಲಾಸ್ಕೆಜ್‌ನ ಪಹಣಿ ಮುಗಿಸಿದ. ಅದು 1936ರಲ್ಲಿ ಲಂಡನ್ನಿನ ಫೇಬರ್ ಸಂಸ್ಥೆಯಿಂದ ಇಂಗ್ಲಿಷಿನಲ್ಲಿ ಬಂತು. ಸ್ಪೇನಿನ ಚಿತ್ರಕಾರನ ಬಗ್ಗೆ ಜರ್ಮನ್ ಬರೆದದ್ದು, ಎರಡೂ ದೇಶದಲ್ಲಿ ಅಲ್ಲ, ಎರಡೂ ಭಾಷೆಯಲ್ಲಿ ಅಲ್ಲ.

ಅದೇ ವರ್ಷ ಸ್ಪೇನಿನಲ್ಲಿ ಅಂತರ್ಯುದ್ಧ. ನವೆಂಬರ್‌ನಲ್ಲಿ ಫ್ರಾಂಕೊ ಪಕ್ಷದ ವಿಮಾನಗಳು ಹಾಕಿದ ಬಾಂಬು ಪ್ರಾಡೊ ಮೇಲೂ ಬಿದ್ದವು. ಚಿತ್ರಗಳನ್ನು ಲಾರಿಗಳಲ್ಲಿ ವೆಲೆನ್ಸಿಯಾಗೆ ಸಾಗಿಸತೊಡಗಿದರು. ವೆಲಾಸ್ಕೆಜ್‌ನ 'ಲಾಸ್ ಮೆನಿನಾಸ್' ಮೂರು ಮೀಟರ್‌ಗೂ ಹೆಚ್ಚು ಎತ್ತರ. ಅರ್ಗಾಂದಾ ಅನ್ನೋ ಕಡೆ ಕಬ್ಬಿಣದ ಸೇತುವೆಯ ಮೇಲಿನ ಕಮಾನಿಗೆ ತಗಲುತ್ತೆ ಅಂತ ಗೊತ್ತಾಗಿ, ಲಾರಿಯಿಂದ ಇಳಿಸಿ, ಉರುಳೆಗಳ ಮೇಲಿಟ್ಟು, ಕೈಯಲ್ಲೇ ತಳ್ಳಿಕೊಂಡು ನದಿ ದಾಟಿಸಿದರು. ಮಾಯರ್‌ನ ಹೊಸ ಪುಸ್ತಕ ಪ್ರೆಸ್ಸಿನಿಂದ ಬಂದ ವರ್ಷವೇ ಅದರ ಚಿತ್ರಗಳು ಗೋಡೆ ಬಿಟ್ಟಿದ್ದವು. 1939ರಲ್ಲಿ ಅವು ಜಿನೀವಾ ತಲುಪಿದವು. ಕಹಾಲ್‌ನ ಆ ಮಂಡಳಿಯನ್ನು ಫ್ರಾಂಕೊ ಮುಚ್ಚಿದ.

ಇಲ್ಲಿಂದ ಮುಂದೆ 'ಸಹಕಾರ' ಅನ್ನೋ ಪದಕ್ಕೆ ಬೇರೆಯೇ ಅರ್ಥ. ಹಿಟ್ಲರ್‌ನ ಪೊಲೀಸ್ ಮುಖ್ಯಸ್ಥ ಹಿಮ್ಲರ್ 1940ರ ಅಕ್ಟೋಬರ್‌ನಲ್ಲಿ ಸ್ಪೇನಿಗೆ ಬಂದ. ಜರ್ಮನ್ ಮೂಲದ ವಿಸಿಗೋತರ ಕುರುಹುಗಳಲ್ಲಿ ಅವನಿಗೆ ಆಸಕ್ತಿ. ಪುರಾತತ್ವಜ್ಞ ಸಾಂತಾ-ಓಲಾಯಾ ಜೊತೆಗಿದ್ದು ಎಲ್ಲ ತೋರಿಸಿದ. ಚರಿತ್ರೆ ಹುಡುಕೋದಲ್ಲ ಅದು, ತಮಗೆ ಬೇಕಾದ ವಂಶಾವಳಿ ಬರೆಸಿಕೊಳ್ಳೋದು. 1943ರಲ್ಲಿ ಜರ್ಮನ್ ಪುರಾತತ್ವ ಸಂಸ್ಥೆ ಮ್ಯಾಡ್ರಿಡ್‌ನಲ್ಲಿ ತನ್ನ ಶಾಖೆ ತೆರೆಯಿತು.

ಆಗ ಮಾಯರ್ ಎಲ್ಲಿದ್ದ? ಜರ್ಮನ್ ಸೇನೆ ಪ್ಯಾರಿಸ್‌ಗೆ ಬಂದಾಗ ದಕ್ಷಿಣ ಫ್ರಾನ್ಸ್‌ಗೆ ಓಡಿದ್ದ. ಪ್ಯಾರಿಸ್‌ನಲ್ಲಿ ಬಿಟ್ಟುಬಂದ ಪುಸ್ತಕಗಳನ್ನು ನಾಜಿಗಳ ಕಲಾ ಲೂಟಿ ಪಡೆ ಹೊತ್ತೊಯ್ದಿತು. 1944ರ ಫೆಬ್ರವರಿಯಲ್ಲಿ ಮಾಂಟೆ ಕಾರ್ಲೊದಲ್ಲಿ ಸಿಕ್ಕಿಬಿದ್ದ. ಅಲ್ಲಿಂದ ಡ್ರಾನ್ಸಿ ಶಿಬಿರ, ಅಲ್ಲಿಂದ ರೈಲು. ಮಾರ್ಚ್‌ನಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಂದರು. ಪುರಾತತ್ವದ ಅಧ್ಯಯನಕ್ಕೆ ಅಂತ ಮ್ಯಾಡ್ರಿಡ್‌ನಲ್ಲಿ ಕಚೇರಿ ತೆರೆದ ಸರ್ಕಾರ ಮತ್ತು ಆ ರೈಲು ಓಡಿಸಿದ ಸರ್ಕಾರ ಒಂದೇ. ನಡುವೆ ಹೆಚ್ಚು ಸಮಯವೂ ಕಳೆದಿರಲಿಲ್ಲ. ಚಿತ್ರಗಳ ಒಡೆತನವನ್ನು ಜೀವನವಿಡೀ ಬರೆದಿಟ್ಟವನ ಸ್ವಂತ ಚಿತ್ರಗಳಲ್ಲಿ ಕೆಲವು ಬವೇರಿಯಾದ ಸರ್ಕಾರಿ ಸಂಗ್ರಹದಲ್ಲೇ ಇದ್ದವು. ಅವನ ಕುಟುಂಬಕ್ಕೆ ಅವು ವಾಪಸ್ ಹೋದದ್ದು 2010ರಲ್ಲಿ.

ಯುದ್ಧದ ಕೊನೆಗೆ ಮುಚ್ಚಿದ ಆ ಮ್ಯಾಡ್ರಿಡ್ ಶಾಖೆ 1950ರ ದಶಕದಲ್ಲಿ ಮತ್ತೆ ತೆರೆಯಿತು, ಮೊದಲಿನ ನಿರ್ದೇಶಕ ಹೆಲ್ಮುಟ್ ಷ್ಲುಂಕ್ ಕೈಯಲ್ಲೇ. ಹುಟ್ಟಿದ ಗಳಿಗೆ ಕೆಟ್ಟದ್ದಾದರೂ ಅಲ್ಲಿಂದ ಬಂದ ಕೆಲಸ ಒಳ್ಳೆಯದು ಅಂತ ಒಪ್ಪಲೇಬೇಕು. ಷ್ಲುಂಕ್ ಮತ್ತು ಆಸ್ಟುರಿಯಾಸ್‌ನ ಚಿತ್ರಕಾರ ಮಾಖಿನ್ ಬೆರೆಂಗೆರ್ ಸೇರಿ 1957ರಲ್ಲಿ ಒಂಬತ್ತು-ಹತ್ತನೇ ಶತಮಾನದ ಭಿತ್ತಿಚಿತ್ರಗಳ ಪುಸ್ತಕ ತಂದರು. ಓವಿಯೆದೊ ಊರಿನ ಸಾನ್ ಹೂಲಿಯಾನ್ ಚರ್ಚಿನ ಗೋಡೆಗಳಲ್ಲಿ ಮನುಷ್ಯರೇ ಇಲ್ಲ. ಬರೀ ಕಟ್ಟಡಗಳು, ಪರದೆಗಳು, ಶಿಲುಬೆ. ಮಾಸಿ ಹೋಗಿದ್ದ ಅವನ್ನು ಬೆರೆಂಗೆರ್ ಕಣ್ಣಿಟ್ಟು ನಕಲು ಮಾಡಿದ, ಷ್ಲುಂಕ್ ಅವುಗಳ ಇತಿಹಾಸ ಬರೆದ. ಯುಸ್ಟಿ-ಬೆರುವೆತೆ ಕಾಲದಲ್ಲಿ ಎದುರುಬದುರಿಗಿದ್ದ ಎರಡು ಕಣ್ಣುಗಳು ಇಲ್ಲಿ ಒಂದೇ ಪುಸ್ತಕದಲ್ಲಿವೆ.

ಸ್ಪೇನ್, ಪೋರ್ಚುಗಲ್, ಲ್ಯಾಟಿನ್ ಅಮೆರಿಕಗಳ ಜೊತೆ ಕಲಾ ಇತಿಹಾಸದ ಸಹಕಾರಕ್ಕೆ ಅಂತ ಜರ್ಮನಿಯಲ್ಲಿ ಈಗ ಒಂದು ಸಂಘ ಇದೆ. ಅದಕ್ಕೆ ಇಟ್ಟಿರುವುದು ಕಾರ್ಲ್ ಯುಸ್ಟಿಯ ಹೆಸರು. ಮೊದಲಿಗ, ಸರಿ. ನನ್ನನ್ನು ಕೇಳಿದ್ದರೆ ನಾನು ಬೇರೆ ಹೆಸರು ಹೇಳುತ್ತಿದ್ದೆ.

ಮಾಯರ್ ಆದ ಮೇಲೆ ವೆಲಾಸ್ಕೆಜ್‌ನ ಮುಂದಿನ ದೊಡ್ಡ ಪಹಣಿ ಬರೆದವನು ಹೊಸೆ ಲೋಪೆಜ್-ರೇ. ಸ್ಪೇನಿನವನು, ಅಂತರ್ಯುದ್ಧದಲ್ಲಿ ಸೋತ ಪಕ್ಷದವನು. ದೇಶ ಬಿಟ್ಟು ಅಮೆರಿಕ ಸೇರಿ ಅಲ್ಲಿ ಪಾಠ ಹೇಳುತ್ತಿದ್ದ. 1963ರಲ್ಲಿ ಅವನ ಕ್ಯಾಟಲಾಗ್ ಪ್ರಕಟವಾಯಿತು, ಇಂಗ್ಲಿಷಿನಲ್ಲಿ, ಲಂಡನ್ನಿನ ಅದೇ ಫೇಬರ್ ಸಂಸ್ಥೆಯಿಂದ. ಮಾಯರ್‌ನ ಪಟ್ಟಿಯನ್ನು ಅವನು ಚಿತ್ರ ಚಿತ್ರವಾಗಿ ಮುಂದಿಟ್ಟುಕೊಂಡು ಪರಿಶೀಲಿಸಿದ. ಬಹಳ ಕಡೆ ಒಪ್ಪಲಿಲ್ಲ.